ಐನ್‌ಸ್ಟೈನ್, ರಾಮನ್, ಕ್ಯೂರಿ, ಚಂದ್ರಶೇಖರ್: ಮೊದಲು ಯಾರಿಂದ ಶುರು ಮಾಡೋಣ?

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಫೋನ್ ಮಾಡಿದರು. "ಮೇಡಂ, ತೋಟಕ್ಕೆ ಇಳಿಯೋ ಹಾಗಿಲ್ಲ. ನಾನು ಬಿ.ಕಾಂ. ಮುಗಿಸಿ ಮೂವತ್ತು ವರ್ಷ ಆಯ್ತು. ಈ ಐನ್‌ಸ್ಟೈನ್ ಹೇಳಿದ್ದೇನು ಅಂತ ಒಮ್ಮೆ ಸರಿಯಾಗಿ ತಿಳ್ಕೋಬೇಕು. ಎಲ್ಲಿಂದ ಹಿಡೀಲಿ?"

ಅದೇ ವಾರ ಸೋಮವಾರಪೇಟೆಯ ಎರಡನೇ ಪಿಯುಸಿ ಹುಡುಗಿಯೊಬ್ಬಳು ಕ್ವಾಂಟಂ ಓದಲಾ, ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಓದಲಾ ಎಂದು ಕೇಳಿದಳು. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರೊಬ್ಬರಿಗೆ ಐನ್‌ಸ್ಟೈನ್‌ರ ಸಾಪೇಕ್ಷತೆಯ (ರಿಲೇಟಿವಿಟಿ) ಮೇಲೆ ಕಣ್ಣು. ಏಳನೇ ತರಗತಿಯ ಮಗನಿಗೆ ಏನಾದರೂ ಹೇಳಿಕೊಡಬೇಕು ಎನ್ನುವ ತಾಯಿಯೂ ಇದ್ದರು. ನಾನು ಪಿಯುಸಿ ಮಕ್ಕಳಿಗೆ ಬಹಳ ವರ್ಷ ಫಿಸಿಕ್ಸ್ ಹೇಳಿಕೊಟ್ಟವಳು. ಈ ನಾಲ್ವರಿಗೂ ಒಂದೇ ಉತ್ತರ ಕೊಟ್ಟರೆ ಮೂವರಾದರೂ ಹದಿನೈದು ದಿನದಲ್ಲಿ ಪುಸ್ತಕ ಮುಚ್ಚಿಡುತ್ತಾರೆ ಎನ್ನುವುದು ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಹೆಸರು ಎಷ್ಟು ದೊಡ್ಡದು ಅಂತ ನೋಡಿ ಆರಿಸಬೇಡಿ. ಎಲ್ಲರೂ ಐನ್‌ಸ್ಟೈನ್‌ರಿಂದಲೇ ಶುರು ಮಾಡಲು ಹೋಗುವುದು ಹೆಸರು ಕೇಳಿ. ನಾನು ಐದು ವಿಷಯ ನೋಡುತ್ತೇನೆ.

ಲೆಕ್ಕ ಎಷ್ಟು ಬೇಕು? ಹತ್ತನೇ ತರಗತಿಯದು ಸಾಕಾ, ಕ್ಯಾಲ್ಕುಲಸ್ ಬೇಕಾ? ಎರಡನೆಯದು, ಮನೆಯಲ್ಲೇ ಕಣ್ಣಾರೆ ನೋಡಲು ಏನಾದರೂ ಸಿಗುತ್ತಾ? ಮೂರನೆಯದು ಖರ್ಚು. ನಾಲ್ಕನೆಯದು ಅರ್ಧಕ್ಕೆ ಬಿಟ್ಟರೂ ಕೈಯಲ್ಲಿ ಏನು ಉಳಿಯುತ್ತೆ ಎನ್ನುವುದು. ದುಡಿಯುವ ಜನ ಅರ್ಧಕ್ಕೆ ಬಿಡುವುದು ಸಹಜ, ಅದರಲ್ಲಿ ನಾಚಿಕೆಯೇನಿಲ್ಲ.

ಐದನೆಯದು ನಮ್ಮ ಕೊಡಗಿನದೇ ತಾಪತ್ರಯ: ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾದಷ್ಟು ಪುರುಸೊತ್ತು, ಆದರೆ ಆಕಾಶ ಮುಚ್ಚಿರುತ್ತೆ, ಕರೆಂಟ್ ಯಾವಾಗ ಹೋಗುತ್ತೆ ಹೇಳಲಾಗದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ತೊಳೆದಿಟ್ಟ ಹಾಗಿರುತ್ತೆ, ಆದರೆ ಕಾಫಿ ಕುಯ್ಲು. ಕಣದಲ್ಲಿ ಕಾಫಿ ಹರಡಿ, ಸಂಜೆ ರಾಶಿ ಮಾಡಿ, ಟಾರ್ಪಾಲ್ ಮುಚ್ಚಿ, ಆಳುಗಳ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಟ್ಟ ಸಲಹೆ ನಮ್ಮವರಿಗೆ ನಡೆಯುವುದಿಲ್ಲ.

ಬೆಳಕು: ರಾಮನ್ ಹಿಡಿದ ದಾರಿ

ಖರ್ಚು ಬೇಡ, ಲೆಕ್ಕ ಬೇಡ, ಮಕ್ಕಳೂ ಜೊತೆಗೆ ಕೂರಬೇಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ.

1921ರಲ್ಲಿ ಇಂಗ್ಲೆಂಡ್‌ನಿಂದ ಹಡಗಿನಲ್ಲಿ ವಾಪಸು ಬರುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಸಿ.ವಿ. ರಾಮನ್‌ರನ್ನು ಹಿಡಿದು ನಿಲ್ಲಿಸಿತು. ಆಕಾಶದ ನೀಲಿ ನೀರಿನಲ್ಲಿ ಕಾಣುವುದಷ್ಟೇ ಎಂದು ಆಗ ದೊಡ್ಡವರು ಹೇಳುತ್ತಿದ್ದರು. ರಾಮನ್ ಚಿಕ್ಕದೊಂದು ಪ್ರಿಸಂ ಹಿಡಿದು ಆಕಾಶದ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ನೀರೇ ಬೆಳಕನ್ನು ಚದುರಿಸುತ್ತಿತ್ತು. ಅಲ್ಲಿಂದ ಹಿಡಿದ ಎಳೆ 1928ರ ಫೆಬ್ರವರಿ 28ಕ್ಕೆ ಕಲ್ಕತ್ತಾದಲ್ಲಿ ರಾಮನ್ ಪರಿಣಾಮಕ್ಕೆ ಬಂದು ಮುಟ್ಟಿತು. ಚದುರಿದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಕಣ ಬಣ್ಣ ಬದಲಿಸಿಕೊಂಡು ಬರುತ್ತೆ. ಆ ಬದಲಾವಣೆ ನೋಡಿ ವಸ್ತು ಯಾವುದು ಎಂದು ಹೇಳಬಹುದು. 1930ರಲ್ಲಿ ನೊಬೆಲ್ ಬಂತು. ಆಮೇಲೆ ಅವರು ಬೆಂಗಳೂರಿಗೆ ಬಂದು ಕೊನೆಯವರೆಗೂ ನಮ್ಮ ನಡುವೆಯೇ ಇದ್ದರು.

ಈಗ ನಿಮ್ಮ ಮನೆಯಲ್ಲಿ. ಗಾಜಿನ ಲೋಟದ ತುಂಬ ನೀರು, ಅದಕ್ಕೆ ನಾಲ್ಕೈದು ಹನಿ ಹಾಲು. ಕೋಣೆ ಕತ್ತಲು ಮಾಡಿ ಲೋಟದ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ನೀರು ತುಸು ನೀಲಿ. ಎದುರಿನಿಂದ, ಅಂದರೆ ಲೋಟ ದಾಟಿ ಬಂದ ಬೆಳಕನ್ನು ನೋಡಿದರೆ ಹಳದಿ, ಇನ್ನೊಂದು ಹನಿ ಹಾಕಿದರೆ ಕಿತ್ತಳೆ. ಮೇಲೆ ಆಕಾಶ, ಕೆಳಗೆ ಮುಳುಗುವ ಸೂರ್ಯ, ಎರಡೂ ಒಂದೇ ಲೋಟದಲ್ಲಿ. ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ನೀಲಿಯಾಗಿಯೂ ಕಾಣುತ್ತೆ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತರೆ ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ಬೂದಿ ಮಿಶ್ರಿತ ಹಸಿರು, ಕೊನೆಯದು ಬರೀ ನೀಲಿ. ನಡುವಿನ ಗಾಳಿ ಬೆಳಕು ಚದುರಿಸುವ ಕೆಲಸ ಅದು.

ಹಳೇ ಡಿವಿಡಿ ಇದ್ದರೆ ಬಿಸಾಡಬೇಡಿ. ಅದರ ಮೇಲಿನ ಗೆರೆಗಳ ನಡುವೆ ಮಿಲಿಮೀಟರಿನ ಸಾವಿರದೊಂದು ಪಾಲಿಗಿಂತಲೂ ಕಡಿಮೆ ಅಂತರ. ಒಂದು ತುಂಡು ಕತ್ತರಿಸಿ ಶೂ ಡಬ್ಬಿಯೊಳಗೆ ಓರೆಯಾಗಿ ಅಂಟಿಸಿ, ಎದುರು ಸಣ್ಣ ಸೀಳು ಮಾಡಿ. ಹಳೇ ತಂತಿಯ ಬಲ್ಬಿನಲ್ಲಿ ಬಣ್ಣಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸಿಎಫ್‌ಎಲ್‌ನಲ್ಲಿ ಬೇರೆ ಬೇರೆ ಗೆರೆಗಳಾಗಿ ಒಡೆಯುತ್ತವೆ. ಆ ಗೆರೆಗಳನ್ನು ನೋಡಿದ ಮೇಲೆ 1913ರ ನೀಲ್ಸ್ ಬೋರ್ ಅವರ ಪರಮಾಣು ಮಾದರಿ ಓದಿ. ಬಾಯಿಪಾಠ ಮಾಡಿದ್ದು ಆಗ ಅರ್ಥವಾಗುತ್ತೆ. ಆದರೆ ಸೂರ್ಯನ ಕಡೆಗೆ ಮಾತ್ರ ಈ ಡಬ್ಬಿ ಹಿಡಿಯಬೇಡಿ.

ಕೊರತೆಯೂ ಇದೆ. ಈ ದಾರಿ ನಿಧಾನ. ಕಪ್ಪುಕುಳಿ, ಕಾಲದ ಗುಟ್ಟು ಎಂಬ ಆಸೆ ಇಟ್ಟುಕೊಂಡು ಬಂದವರಿಗೆ ಹಾಲು ನೀರಿನ ಲೋಟ ಸಪ್ಪೆ ಎನಿಸಬಹುದು.

ಸಾಪೇಕ್ಷತೆ: ಎಲ್ಲರಿಗೂ ಬೇಕು, ಆದರೆ ಯಾವ ಭಾಗ?

ಐನ್‌ಸ್ಟೈನ್‌ರದ್ದು ಎರಡು ಸಾಪೇಕ್ಷತೆ. 1905ರದ್ದು ವಿಶೇಷ, 1915ರದ್ದು ಸಾರ್ವತ್ರಿಕ. ಇವೆರಡನ್ನೂ ಒಂದೇ ಗಂಟು ಕಟ್ಟುವುದರಿಂದಲೇ ಜನ ಹೆದರಿ ಓಡುತ್ತಾರೆ. ಮೊದಲನೆಯದಕ್ಕೆ ಬೇಕಾದ ಲೆಕ್ಕ ಪೈಥಾಗೊರಸ್ ಪ್ರಮೇಯ ಮತ್ತು ವರ್ಗಮೂಲ, ಅಷ್ಟೇ. ಚಲಿಸುವ ಗಡಿಯಾರ ಎಷ್ಟು ನಿಧಾನ ಎಂಬ ಸೂತ್ರವನ್ನು ಹತ್ತನೇ ತರಗತಿ ಪಾಸಾದವರು ಒಂದು ಭಾನುವಾರ ಕೂತು ತಾವೇ ಬಿಡಿಸಬಹುದು. ಎರಡನೆಯದಕ್ಕೆ ಬೇಕಾದ ಗಣಿತ ಎಂ.ಎಸ್‌ಸಿ. ಮಟ್ಟದ್ದು. ಅದನ್ನು ಕಥೆಯಾಗಿ ಓದಬಹುದು, ಲೆಕ್ಕವಾಗಿ ಓದಲು ವರ್ಷಗಳು ಬೇಕು.

ಮನೆಯಲ್ಲಿ ಪ್ರಯೋಗ ಮಾಡಲು ಇದರಲ್ಲಿ ಏನೂ ಇಲ್ಲ ಅಂತಾರೆ. ಕೈಯಿಂದ ಮಾಡುವುದು ಇಲ್ಲ, ನಿಜ. ಸುತ್ತಮುತ್ತ ಇದೆ. ನಿಮ್ಮ ಅಂಗೈ ಚಾಚಿ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮ್ಯುಆನ್ ಎಂಬ ಕಣ ಅದರ ಮೂಲಕ ಹಾದುಹೋಗುತ್ತಿದೆ. ಅದು ಹುಟ್ಟುವುದು ಸುಮಾರು 15 ಕಿಲೋಮೀಟರ್ ಮೇಲೆ. ಅದರ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್, ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ಅಷ್ಟೇ ದೂರ. ಮತ್ತೆ ಕೆಳಗೆ ಹೇಗೆ ಬಂತು? ಅಷ್ಟು ವೇಗದಲ್ಲಿ ಅದರ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗಿದೆ. ಅದು ಬಂದು ಮುಟ್ಟುವುದೇ ಸಾಕ್ಷಿ.

ಕಾಡಾನೆಯ ಕೊರಳಿಗೆ ಹಾಕುವ ರೇಡಿಯೋ ಕಾಲರ್ ಗೊತ್ತಲ್ವಾ? ಅದರ ಜಿಪಿಎಸ್ ಉಪಗ್ರಹಗಳ ಗಡಿಯಾರ ಭೂಮಿಯದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ವೇಗದಿಂದ 7 ಕಳೆಯುತ್ತೆ, ಎತ್ತರದಿಂದ 45 ಕೂಡುತ್ತೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ 10 ಕಿಲೋಮೀಟರಿಗೂ ಜಾಸ್ತಿ ತಪ್ಪು. ಗೋಣಿಕೊಪ್ಪದ ತೋಟದಲ್ಲಿರುವ ಆನೆ ಪೊನ್ನಂಪೇಟೆಯಾಚೆ ಇದೆ ಅಂತ ತೋರಿಸಿದರೆ ಗತಿಯೇನು? ಸಿಗ್ನಲ್ಸ್‌ನವರಿಗೆ ಇದನ್ನು ಹೇಳಿದಾಗ ಅವರು ಅಲ್ಲೇ ಪೆನ್ನು ಕಾಗದ ತೆಗೆದರು. ಅವರ ದಾರಿ ಅಲ್ಲಿಗೆ ಗೊತ್ತಾಯಿತು.

ಇನ್ನೊಂದು ಲೆಕ್ಕ ನಾನೇ ಮಾಡಿ ನೋಡಿದ್ದು. ಎತ್ತರಕ್ಕೆ ಹೋದಷ್ಟೂ ಕಾಲ ತುಸು ಬೇಗ ಸಾಗುತ್ತೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲೆ. ಮಂಗಳೂರಿನ ಕಡಲತೀರದ ಗಡಿಯಾರಕ್ಕಿಂತ ಮಡಿಕೇರಿಯದು ವರ್ಷಕ್ಕೆ ಸುಮಾರು 4 ಮೈಕ್ರೋಸೆಕೆಂಡ್ ಮುಂದೆ. ಸಂಪಾಜೆ ಘಾಟಿ ಇಳಿಯುವಾಗ ಈಗಲೂ ನನಗೆ ಇದು ನೆನಪಾಗಿ ಮೈ ಜುಮ್ ಎನ್ನುತ್ತೆ.

ಖರ್ಚು ಸೊನ್ನೆ, ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು, ಕರೆಂಟ್ ಹೋದರೂ ನಡೆಯುತ್ತೆ. ಆದರೆ ಅರ್ಧಕ್ಕೆ ಬಿಟ್ಟರೆ ಕೈಯಲ್ಲಿ ಉಳಿಯುವುದು ಗೊಂದಲ. ಮೂರು ನಾಲ್ಕು ವಾರ ಬಿಡದೆ ಕೂರುವವರಿಗೆ ಮಾತ್ರ.

ನಕ್ಷತ್ರಗಳು: ಚಂದ್ರಶೇಖರ್

ಇದು ನನ್ನ ಮನಸ್ಸಿಗೆ ತೀರ ಹತ್ತಿರದ್ದು, ಅದಕ್ಕೆ ಸ್ವಲ್ಪ ಜಾಸ್ತಿ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

1919ರ ಮೇ 29ರ ಸೂರ್ಯಗ್ರಹಣದಲ್ಲಿ ಆರ್ಥರ್ ಎಡಿಂಗ್ಟನ್ ಆಫ್ರಿಕಾದ ಪ್ರಿನ್ಸಿಪೆ ದ್ವೀಪಕ್ಕೆ ಹೋಗಿ, ಸೂರ್ಯನ ಪಕ್ಕ ಹಾದುಬರುವ ನಕ್ಷತ್ರದ ಬೆಳಕು ಬಾಗುತ್ತದೆಂದು ಅಳೆದು ತೋರಿಸಿದರು. ಐನ್‌ಸ್ಟೈನ್ ಲೋಕಕ್ಕೆಲ್ಲ ಗೊತ್ತಾದದ್ದು ಆಗಲೇ. ಹನ್ನೊಂದು ವರ್ಷದ ನಂತರ, 1930ರಲ್ಲಿ, ರಾಮನ್‌ರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೊಂಬಾಯಿಯಿಂದ ಹಡಗು ಹತ್ತಿದರು. ವಯಸ್ಸು ಹತ್ತೊಂಬತ್ತು. ಹಡಗಿನಲ್ಲೇ ಲೆಕ್ಕ ಹಾಕಿದರು. ಉರಿದು ಮುಗಿದ ನಕ್ಷತ್ರ ಶ್ವೇತಕುಬ್ಜವಾಗಿ, ಅಂದರೆ ಕುಗ್ಗಿ ಗಟ್ಟಿಯಾದ ಪುಟ್ಟ ನಕ್ಷತ್ರವಾಗಿ ನಿಲ್ಲಬೇಕಾದರೆ ಅದರ ತೂಕಕ್ಕೆ ಒಂದು ಮಿತಿ ಇದೆ. ಮುಂದೆ ಅದು ಸೂರ್ಯನ ಸುಮಾರು 1.4 ಪಟ್ಟು ಎಂದು ಖಚಿತವಾಯಿತು. ಅದಕ್ಕಿಂತ ಭಾರವಾದರೆ ಶ್ವೇತಕುಬ್ಜವಾಗಿ ನಿಲ್ಲದೆ ಇನ್ನೂ ಕುಸಿಯುತ್ತದೆ.

1935ರ ಜನವರಿಯಲ್ಲಿ ಲಂಡನ್‌ನ ಸಭೆಯಲ್ಲಿ ಅವರು ಇದನ್ನು ಮಂಡಿಸಿ ಕೂತ ಕೂಡಲೇ ಎದ್ದು ನಿಂತು ಅದನ್ನು ಗೇಲಿ ಮಾಡಿದವರು ಅದೇ ಎಡಿಂಗ್ಟನ್. ಐನ್‌ಸ್ಟೈನ್‌ರನ್ನು ಎತ್ತಿ ಹಿಡಿದ ಕೈಯೇ ಈ ಹುಡುಗನನ್ನು ತಳ್ಳಿತು. ಚಂದ್ರಶೇಖರ್ ಜಗಳಕ್ಕೆ ನಿಲ್ಲಲಿಲ್ಲ. ಅಮೆರಿಕಕ್ಕೆ ಹೋಗಿ ಬೇರೆ ವಿಷಯ ಕೈಗೆತ್ತಿಕೊಂಡರು. ನೊಬೆಲ್ ಬಂದದ್ದು 1983ರಲ್ಲಿ. ಸೋಮವಾರಪೇಟೆಯ ಹುಡುಗಿಗೆ ನಾನು ಮೊದಲು ಹೇಳಿದ್ದು ಈ ಕಥೆಯನ್ನೇ. ಕ್ಲಾಸಿನಲ್ಲಿ ಕೈಯೆತ್ತಲು ಹಿಂಜರಿಯುವ ಮಕ್ಕಳು ಇದನ್ನು ಕೇಳಲೇಬೇಕು.

ಕನ್ನಡದ ಎಳೆಯೂ ಇಲ್ಲಿದೆ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ 1970ರಲ್ಲಿ ಕಪ್ಪುಕುಳಿಗೆ ಪೆಟ್ಟು ಬಿದ್ದರೆ ಅದು ಗಂಟೆಯ ಹಾಗೆ ನಾದ ಹೊಮ್ಮಿಸಿ ಮೆಲ್ಲಗೆ ಅಡಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿ ಒಂದಾದಾಗ ಹೊಮ್ಮಿದ ಗುರುತ್ವ ಅಲೆ ಮೊದಲ ಬಾರಿ ಸಿಕ್ಕಾಗ ಅದರ ಬಾಲದಲ್ಲಿದ್ದದ್ದು ಆ ಬಗೆಯ ನಾದವೇ. ಬೆಂಗಳೂರಿನ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ.

ಇನ್ನು ನೋಡಲು ಏನಿದೆ? ಬರಿಗಣ್ಣು ಸಾಕು. ಪೇಟೆಯ ದೀಪ ದಾಟಿದರೆ ನಮ್ಮ ತೋಟಗಳ ಮೇಲಿನ ಕತ್ತಲು ಬೆಂಗಳೂರಿನವರಿಗೆ ದುಡ್ಡು ಕೊಟ್ಟರೂ ಸಿಗದು. ಜನವರಿ ರಾತ್ರಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜವನ್ನು ಹುಡುಕಿ. ಅವನ ಹೆಗಲ ಮೇಲಿನ ಕೆಂಪು ಚುಕ್ಕೆ ಆರ್ದ್ರಾ. ನಾವು ಆರಿದ್ರಾ ಮಳೆ ಅಂತೀವಲ್ಲ, ಅದೇ ನಕ್ಷತ್ರ. ಆ ಮಳೆಯ ದಿನಗಳಲ್ಲಿ ಸೂರ್ಯ ಅದರ ಕಡೆಗೇ ಇರುವುದರಿಂದ ಮೋಡ ಸರಿದರೂ ಅದು ಕಾಣದು. ತೀರಾ ದೊಡ್ಡ ನಕ್ಷತ್ರ, ಮುಪ್ಪಿಗೆ ಬಂದಿದೆ. ಒಂದು ದಿನ ಅದರ ನಡುವಿನ ಕಬ್ಬಿಣದ ತಿರುಳು ಚಂದ್ರಶೇಖರ್ ಮಿತಿಯ ಸುತ್ತಮುತ್ತ ಮುಟ್ಟುತ್ತೆ, ಕುಸಿಯುತ್ತೆ, ನಕ್ಷತ್ರ ಸಿಡಿಯುತ್ತೆ. ಹಡಗಿನ ಹುಡುಗನ ಲೆಕ್ಕಕ್ಕೂ ಅಜ್ಜಿ ಎಣಿಸುತ್ತಿದ್ದ ಮಳೆ ನಕ್ಷತ್ರಕ್ಕೂ ಹೀಗೆ ಸಂಬಂಧ.

2019ರ ಡಿಸೆಂಬರ್ 26ರ ಬೆಳಿಗ್ಗೆ ಕುಟ್ಟದ ಕಡೆ ಕಂಕಣ ಸೂರ್ಯಗ್ರಹಣ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಆ ಬಳೆಯನ್ನು ಒಮ್ಮೆ ನೋಡಿದವರು ಆಕಾಶವನ್ನು ಬಿಡುವುದಿಲ್ಲ.

ತೊಡಕು ಮತ್ತೆ ಕಾಲದ್ದೇ. ಬೆಳೆಗಾರರಿಗೆ ಆಕಾಶ ತೆರೆಯುವುದೇ ಕುಯ್ಲಿನ ಹೊತ್ತಿಗೆ. ಮಳೆಗಾಲದಲ್ಲಿ ಬರೀ ಪುಸ್ತಕ. ದುಡ್ಡಿದ್ದವರು ಟೆಲಿಸ್ಕೋಪ್‌ಗೆ ಓಡಬೇಡಿ, ಮೊದಲು 10x50 ಬೈನಾಕ್ಯುಲರ್ ತೆಗೆದುಕೊಳ್ಳಿ. ಕೆಲವು ಸಾವಿರದಲ್ಲಿ ಮುಗಿಯುತ್ತೆ, ಆನೆ ನೋಡಲೂ ಆಗುತ್ತೆ. ಅದೂ ಬೇಡವೆಂದರೆ ಮಂಗಳೂರಿಗೆ ಹೋದಾಗ ಪಿಲಿಕುಳದ ತಾರಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಕ್ವಾಂಟಂ: ಬೆಕ್ಕಿನಿಂದ ಶುರು ಮಾಡಬೇಡಿ

ಪೆಟ್ಟಿಗೆಯೊಳಗಿನ ಬೆಕ್ಕು ಸತ್ತಿದೆಯೋ ಬದುಕಿದೆಯೋ ಎಂಬ ಕಥೆಯಿಂದ ಕ್ವಾಂಟಂ ಕಲಿತವರನ್ನು ನಾನು ನೋಡಿಲ್ಲ. ಸೋಲಾರ್ ಬೇಲಿಯ ಪ್ಯಾನೆಲ್‌ನಿಂದ ಶುರು ಮಾಡಿ, ಅದು ಪ್ರತಿ ತೋಟದ ಅಂಚಿನಲ್ಲೂ ಇದೆ. ಬೆಳಕು ಬಿದ್ದರೆ ಕರೆಂಟ್ ಬರುತ್ತೆ. ಆದರೆ ಸಿಲಿಕಾನ್ ಸುಮಾರು 1100 ನ್ಯಾನೋಮೀಟರಿಗಿಂತ ಉದ್ದ ಅಲೆಯ ಬೆಳಕಿಗೆ ಜಗ್ಗಲ್ಲ, ಎಷ್ಟು ಸುರಿದರೂ ಅಷ್ಟೇ. ಕಾಡುಮಾವಿನ ಮರಕ್ಕೆ ಕುಕ್ಕೆ ತುಂಬ ಭತ್ತ ಎರಚಿದರೆ ಒಂದು ಕಾಯಿಯೂ ಬೀಳದು. ಒಂದು ಕಲ್ಲು ಎಸೆಯಿರಿ, ಬೀಳುತ್ತೆ. ಬೆಳಕೂ ಹಾಗೆ ತುಂಡುತುಂಡಾಗಿ ಬರುತ್ತದೆ, ಆ ತುಂಡೇ ಕ್ವಾಂಟಂ, ಒಂದೊಂದು ತುಂಡಿನ ಪೆಟ್ಟು ಅದರ ಬಣ್ಣಕ್ಕೆ ತಕ್ಕ ಹಾಗೆ. 1900ರಲ್ಲಿ ಪ್ಲಾಂಕ್ ಒಲ್ಲದ ಮನಸ್ಸಿನಿಂದ ಈ ಮಾತಿಗೆ ಬಂದರು, 1905ರಲ್ಲಿ ಐನ್‌ಸ್ಟೈನ್ ಅದನ್ನು ಧೈರ್ಯವಾಗಿ ಹೇಳಿದರು. ಅವರಿಗೆ ನೊಬೆಲ್ ಬಂದದ್ದು ಇದಕ್ಕೇ ಹೊರತು ಸಾಪೇಕ್ಷತೆಗಲ್ಲ.

ಕೆಂಪು, ನೀಲಿ ಎಲ್‌ಇಡಿ, ಒಂದು ರೆಸಿಸ್ಟರ್, ಬ್ಯಾಟರಿ, ಮಲ್ಟಿಮೀಟರ್. ಕೆಲವು ನೂರು ರೂಪಾಯಿ ಖರ್ಚು. ಕೆಂಪು ಸುಮಾರು 1.8 ವೋಲ್ಟ್ ಹೊತ್ತಿಗೆ ಬೆಳಗುತ್ತೆ, ನೀಲಿಗೆ ಎರಡೂವರೆಗಿಂತ ಜಾಸ್ತಿ ಬೇಕು. ಬೆಳಕಿನ ಬಣ್ಣಕ್ಕೂ ಅದರ ತುಂಡಿನ ಶಕ್ತಿಗೂ ಸಂಬಂಧ ಕಟ್ಟುವ ಪ್ಲಾಂಕ್ ಸ್ಥಿರಾಂಕವನ್ನು ಅಂದಾಜು ಮಾಡಲು ಇಷ್ಟು ಸಾಕು.

ಆಮೇಲೆ ದಾರಿ ಕಡಿದು. 1925ರ ಹೈಸನ್‌ಬರ್ಗ್, 1926ರ ಶ್ರೋಡಿಂಗರ್ ಎಂದು ಮುಂದೆ ಹೋಗಲು ಕ್ಯಾಲ್ಕುಲಸ್ ಬೇಕೇ ಬೇಕು. ಪಿಯುಸಿಯಲ್ಲಿ ಗಣಿತ ಇದ್ದವರಿಗೆ ಸರಿ. ಉಳಿದವರು ಎಲ್‌ಇಡಿವರೆಗೆ ಬಂದು ನಿಂತರೂ ನಷ್ಟವಿಲ್ಲ.

ಹಿಗ್ಸ್, ಬೋಸಾನ್ ಅಂತ ಕಣ ಭೌತಶಾಸ್ತ್ರಕ್ಕೇ ನೇರ ಹಾರುವವರಿಗೆ ಒಂದೇ ಮಾತು: ಕ್ವಾಂಟಂ, ಸಾಪೇಕ್ಷತೆ ಎರಡೂ ತಿಳಿದ ಮೇಲೆ ಬನ್ನಿ. ಅಲ್ಲಿಯವರೆಗೆ 1924ರಲ್ಲಿ ಢಾಕಾದಿಂದ ಐನ್‌ಸ್ಟೈನ್‌ಗೆ ಪತ್ರ ಬರೆದ, ಬೋಸಾನ್ ಎಂಬ ಹೆಸರಿಗೆ ಕಾರಣರಾದ ಸತ್ಯೇಂದ್ರನಾಥ ಬೋಸ್ ಬಗ್ಗೆ, 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೋ ಎಂಬ ಕಣ ಹಿಡಿದವರ ಬಗ್ಗೆ ಓದಿಕೊಳ್ಳಿ.

ವಿಕಿರಣ: ಕ್ಯೂರಿ ಮತ್ತು ಒಂದು ಬೊಗಸೆ ಕಾಫಿ ಬೀಜ

1898ರಲ್ಲಿ ಮೇರಿ ಕ್ಯೂರಿ ಪೊಲೋನಿಯಂ, ರೇಡಿಯಂ ಎಂಬ ವಿಕಿರಣ ಧಾತುಗಳನ್ನು ಕಂಡುಹಿಡಿದರು. 1903ರಲ್ಲೂ 1911ರಲ್ಲೂ ನೊಬೆಲ್. ಮೇರಿ ಕ್ಯೂರಿ ಬರೆದ ಟಿಪ್ಪಣಿ ಪುಸ್ತಕಗಳಲ್ಲಿ ಇಂದಿಗೂ ವಿಕಿರಣ ಇದೆ, ಸೀಸದ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಭೌತವಿಜ್ಞಾನಿ ಲೀಸೆ ಮೈಟ್ನರ್ 1938ರ ಕೊನೆಯಲ್ಲಿ ದೇಶ ಬಿಟ್ಟು ಸ್ವೀಡನ್‌ನಲ್ಲಿದ್ದಾಗ, ಹಿಮದಲ್ಲಿ ನಡೆಯುತ್ತಾ ಅಕ್ಕನ ಮಗ ಫ್ರಿಶ್ ಜೊತೆ ಯುರೇನಿಯಂ ನ್ಯೂಕ್ಲಿಯಸ್ ಒಡೆಯುವುದರ ಲೆಕ್ಕ ಬಿಡಿಸಿದರು. ನೊಬೆಲ್ ಮಾತ್ರ ಅವರ ಜೊತೆಗಾರ ಒಟ್ಟೋ ಹಾನ್ ಒಬ್ಬರಿಗೇ ಹೋಯಿತು. ಇದು ನನಗೆ ಇಂದಿಗೂ ನೋವಿನ ವಿಷಯ.

ನಿಜವಾದ ವಿಕಿರಣ ವಸ್ತುವನ್ನು ಮನೆಗೆ ತರುವ ಹಾಗಿಲ್ಲ, ತರಲೂ ಬಾರದು. ಆದರೆ ಅರ್ಧಾಯು ಎಂದರೇನು ಎಂದು ತಿಳಿಯಲು ಕೊಡಗಿನವರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಇನ್ನೂರು ಕಾಫಿ ಬೀಜ ಎಣಿಸಿ. ಪೀಬೆರಿ ಇದ್ದರೆ ಆರಿಸಿ ತೆಗೆಯಿರಿ, ಅದು ಗುಂಡಗಿರುತ್ತೆ. ಮಾಮೂಲಿ ಬೀಜಕ್ಕೆ ಒಂದು ಬದಿ ಚಪ್ಪಟೆ, ನಡುವೆ ಗೀರು, ಇನ್ನೊಂದು ಬದಿ ಉಬ್ಬು. ಮೊರದಲ್ಲಿ ಹಾಕಿ ಒಮ್ಮೆ ಹಾರಿಸಿ. ಗೀರು ಮೇಲಾಗಿ ಬಿದ್ದವನ್ನು ತೆಗೆದುಹಾಕಿ, ಉಳಿದದ್ದನ್ನು ಎಣಿಸಿ ಬರೆದುಕೊಳ್ಳಿ. ಮತ್ತೆ ಹಾರಿಸಿ. ಸರಿಯಾಗಿ ಅರ್ಧವೇ ಹೋಗಬೇಕೆಂದಿಲ್ಲ, ಆದರೆ ಪ್ರತಿ ಸಲ ಹೆಚ್ಚುಕಡಿಮೆ ಅದೇ ಪಾಲು ಹೋಗುತ್ತೆ. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾ ಹೋದರೆ ಇಳಿಯುವ ಗೆರೆ ತಾನಾಗಿ ಮೂಡುತ್ತೆ. ಅಯೋಡಿನ್ 131ಕ್ಕೆ ಪಾಲು ಅರ್ಧವಾಗಲು 8 ದಿನ, ಇಂಗಾಲ 14ಕ್ಕೆ 5730 ವರ್ಷ, ಯುರೇನಿಯಂ 238ಕ್ಕೆ ಸುಮಾರು 450 ಕೋಟಿ ವರ್ಷ. ಗೆರೆಯ ಆಕಾರ ಒಂದೇ.

ಖರ್ಚಿಲ್ಲ, ಮಳೆಗಾಲ ಬೇಸಗೆ ಎರಡಕ್ಕೂ ಸರಿ, ಒಂದು ಸಂಜೆಯಲ್ಲಿ ಮುಗಿಯುತ್ತೆ, ಅರ್ಧಕ್ಕೆ ಬಿಟ್ಟರೂ ಗ್ರಾಫ್ ಉಳಿಯುತ್ತೆ. ಮುಂದಿನ ಹೆಜ್ಜೆ ಮಾತ್ರ ಕಷ್ಟ. ಕಣದ ಜಾಡು ನೋಡುವ ಕ್ಲೌಡ್ ಚೇಂಬರಿಗೆ ಡ್ರೈ ಐಸ್ ಬೇಕು, ಅದು ನಮ್ಮಲ್ಲಿ ಸುಲಭಕ್ಕೆ ಸಿಗುವ ವಸ್ತುವಲ್ಲ.

ಯಾರಿಗೆ ಯಾವುದು

ಏಳನೇ ತರಗತಿಯ ಹುಡುಗನ ತಾಯಿಗೆ ನಾನು ಬೆಳಕನ್ನೇ ಹೇಳಿದೆ, ಹಾಲಿನ ಲೋಟ ಮೊದಲು, ಡಿವಿಡಿ ಡಬ್ಬಿ ಆಮೇಲೆ. ಪಿಯುಸಿ ಹುಡುಗಿಗೆ ಎಲ್‌ಇಡಿ ಪ್ರಯೋಗದಿಂದ ಕ್ವಾಂಟಂ, ರಾತ್ರಿ ಹೊತ್ತು ಚಂದ್ರಶೇಖರ್. ಅವಳು ಕೇಳಿದ ಕಪ್ಪುಕುಳಿಗೆ ಇವೆರಡೂ ಬೇಕು. ನಿವೃತ್ತರು ವಿಶೇಷ ಸಾಪೇಕ್ಷತೆಯ ಲೆಕ್ಕ ಹಿಡಿದಿದ್ದಾರೆ. ಕೈಯಲ್ಲಿ ಹಣವಿದ್ದು ಸಮಯವಿಲ್ಲದವರು ಬೈನಾಕ್ಯುಲರ್ ತೆಗೆದುಕೊಂಡು ಅಂಗಳದಲ್ಲಿ ಹತ್ತು ನಿಮಿಷ ನಿಂತರೂ ಸಾಕು. ಸಮಯವಿದ್ದು ಹಣವಿಲ್ಲದವರಿಗೆ ಬೆಳಕು, ಬೀಜ, ಸಾಪೇಕ್ಷತೆ ಮೂರೂ ತೆರೆದಿವೆ. ಎರಡರ ನಡುವೆ ತೂಗಾಡುತ್ತಿದ್ದರೆ ಈ ತಿಂಗಳು ಕೈಗೆ ಸಿಗುವುದನ್ನು ಹಿಡಿಯಿರಿ, ಇನ್ನೊಂದು ಮುಂದಿನ ಮಳೆಗಾಲಕ್ಕೆ ಇರಲಿ.

ಸಿದ್ದಾಪುರದವರಿಗೆ ಐನ್‌ಸ್ಟೈನ್‌ಗಿಂತ ಮೊದಲು ಕಾಫಿ ಬೀಜ ಎಂದೆ. ಅವರಿಗೆ ಅಷ್ಟು ಹಿಡಿಸಲಿಲ್ಲ, ದನಿಯಲ್ಲೇ ಗೊತ್ತಾಯಿತು. ಎರಡು ದಿನ ಬಿಟ್ಟು ರಾತ್ರಿ ಎಂಟೂವರೆಗೆ ಫೋನ್ ಬಂತು. ಮೊಮ್ಮಗಳೂ ಜೊತೆಗಿದ್ದಳು, ಹಿಂದೆ ಮೊರದ ಸದ್ದು ಕೇಳುತ್ತಿತ್ತು.

"ಮೇಡಂ, ಇನ್ನೂರರಲ್ಲಿ ಒಂದೇ ಉಳಿದಿದೆ. ಆರು ಸಲ ಹಾರಿಸಿದ್ವಿ, ಗೀರು ಮೇಲೆ ಬರ್ತಾನೇ ಇಲ್ಲ. ಇದು ಯಾವಾಗ ಬೀಳುತ್ತೆ?"

"ಅದನ್ನು ಹೇಳೋಕೆ ಆಗಲ್ಲ" ಎಂದೆ. "ಇನ್ನೂರು ಬೀಜದ್ದು ಹೇಳಬಹುದು. ಒಂದರದ್ದು ಹೇಳೋಕಾಗಲ್ಲ. ರೇಡಿಯಂನ ಒಂದು ಪರಮಾಣುವಿನ ಬಗ್ಗೆ ಕ್ಯೂರಿಗೂ ಹೇಳೋಕೆ ಆಗ್ತಿರಲಿಲ್ಲ."

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಮತ್ತೆ ಮೊರದ ಸದ್ದು.